ಗಟ್ಟಿ ಹಲ್ಲಿನ ರಾಜ, ಬೊಚ್ಚುಬಾಯಿ ಮಾಕವ್ವ

ಕೂತ್ಕೊಳ್ಳಿ, ಕೂತ್ಕೊಳ್ಳಿ. ಏ, ಅಲ್ಲಿ ತಳ್ಳಾಡಬೇಡಿ. ನನ್ನ ಕುಟ್ಟಾಣಿ ಯಾರ ಕಾಲ ಹತ್ತಿರ ಇದೆ? ಈ ಕಡೆ ಕೊಡಿ. ಹಲ್ಲಿದ್ದವರು ಎಲೆಅಡಿಕೆ ಅಗಿಯುತ್ತಾ ಕಥೆ ಹೇಳುತ್ತಾರೆ, ಹಲ್ಲಿಲ್ಲದ ನಾನು ಕುಟ್ಟುತ್ತಾ ಹೇಳುತ್ತೇನೆ. ನಗಬೇಡಿ, ಇವತ್ತಿನ ಕಥೆ ಇದರದ್ದೇ.

ಸಂಪಿಗೆದುರ್ಗ ಅಂತ ಒಂದು ರಾಜ್ಯವಿತ್ತು. ಅಲ್ಲಿ ಮುದ್ದರಾಜ ಅಂತ ಒಬ್ಬ ರಾಜನಿದ್ದ. ಕೋಟೆ ಇತ್ತು, ಕುದುರೆ ಇತ್ತು, ಕಣಜದ ತುಂಬ ರಾಗಿ ಇತ್ತು. ಮನುಷ್ಯ ಕೆಟ್ಟವನೇನಲ್ಲ. ಕೆರೆ ಕಟ್ಟಿಸಿದ್ದ, ಕಳ್ಳರನ್ನು ಹಿಡಿಸಿದ್ದ. ಆದರೆ ಅವನಿಗೊಂದು ರೋಗವಿತ್ತು. ಬೇರೆಯವರು ಸಂತೋಷವಾಗಿದ್ದರೆ ಅವನಿಗೆ ಹೊಟ್ಟೆ ಉರಿಯುತ್ತಿತ್ತು. ಅರಮನೆ ಪಂಡಿತರು ಕಷಾಯ ಕೊಟ್ಟರು, ಮಜ್ಜಿಗೆ ಕೊಟ್ಟರು. ಇದು ಆ ಉರಿ ಅಲ್ಲ ಅಂತ ಅವರಿಗೂ ಗೊತ್ತಿತ್ತು, ಬಾಯಿ ಬಿಡಲಿಲ್ಲ.

ಆ ರಾಜನ ಅಡಪದವಳು ಮಾಕವ್ವ. ಅಡಪ ಅಂದರೆ ಎಲೆ, ಅಡಿಕೆ, ಸುಣ್ಣ ಇಡುವ ಚೀಲ. ರಾಜ ಎಲ್ಲಿ ಕೂತರೂ ಅವನ ಬೆನ್ನ ಹಿಂದೆ ಅಡಪ ಹಿಡಿದು ನಿಲ್ಲುವುದು, ಅವನು ಕೈ ಚಾಚಿದಾಗ ವೀಳ್ಯ ಮಡಿಸಿ ಕೊಡುವುದು ಅವಳ ಕೆಲಸ. ಮಾಕವ್ವನ ತಾಯಿ ರಾಜನಿಗೆ ಮೊಲೆಯುಣಿಸಿದ ದಾದಿ. ಹಾಗಾಗಿ ಇಬ್ಬರೂ ಒಂದೇ ಹಾಲು ಕುಡಿದು ಬೆಳೆದವರು, ಒಂದೇ ವಯಸ್ಸಿನವರು. ಚಿಕ್ಕವರಿದ್ದಾಗ ಮಾಕಿಯ ಹಾಲುಹಲ್ಲು ಮೊದಲು ಬಿದ್ದವು. ಕಬ್ಬು ತಿನ್ನಲಾರದೆ ಅವಳು ಅಳುತ್ತಾ ಕೂತರೆ, ಮುದ್ದರಾಜ ತನ್ನ ಹಲ್ಲಿನಿಂದ ಸಿಪ್ಪೆ ಸಿಗಿದು, ಚೂರು ಮಾಡಿ ಅವಳ ಬಾಯಿಗೆ ಇಡುತ್ತಿದ್ದ. ಆಮೇಲೆ ಅವನು ಸಿಂಹಾಸನ ಹತ್ತಿದ, ಅವಳು ಹಿಂದೆ ನಿಂತಳು. ಕಬ್ಬಿನ ಸಂಗತಿ ಅವನಿಗೆ ಮರೆತೇ ಹೋಯಿತು.

ಆ ರಾಜ್ಯದಲ್ಲಿ ಒಂದು ಪದ್ಧತಿ. ಯುಗಾದಿಯ ದಿನ ಅರಮನೆ ಅಂಗಳದಲ್ಲಿ ದೊಡ್ಡ ಸಭೆ ಸೇರಬೇಕು. ಎಲ್ಲರ ಎದುರಿಗೆ ರಾಜ ಒಂದು ಇಡೀ ಗೋಟಡಿಕೆಯನ್ನು ಬಾಯಿಗೆ ಹಾಕಿಕೊಂಡು ಕಡಿಯಬೇಕು. ಗೋಟಡಿಕೆ ಅಂದರೆ ಒಣಗಿ ಕಲ್ಲಾದ ಅಡಿಕೆ. "ಕಟಂ" ಅಂತ ಸದ್ದು ಕೇಳಬೇಕು. ಕೇಳಿದರೆ ರಾಜ ಗಟ್ಟಿ, ರಾಜ್ಯ ಗಟ್ಟಿ. ಜನ ಹೋ ಅಂತ ಕೂಗಿ ತಮ್ಮ ತಮ್ಮ ಎಲೆಅಡಿಕೆ ಬಿಚ್ಚುತ್ತಿದ್ದರು. ರಾಜ ಕಡಿಯುವ ಮುಂಚೆ ಆ ಸಭೆಯಲ್ಲಿ ಯಾರೂ ಅಡಿಕೆಯ ಚೂರನ್ನೂ ಬಾಯಿಗೆ ಹಾಕುವಂತಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮುದ್ದರಾಜ ವರ್ಷ ವರ್ಷವೂ ಕಟಂ ಅನ್ನಿಸುತ್ತಿದ್ದ. ಅನ್ನಿಸಿ ಮೀಸೆ ತಿರುವುತ್ತಿದ್ದ. "ನೋಡಿದಿರಾ ನನ್ನ ಹಲ್ಲು? ಗೋಟಡಿಕೆ ನನಗೆ ಬಾಳೆಹಣ್ಣು ಇದ್ದಂಗೆ!" ಸಭೆಯವರು ಹೌದು ಹೌದು ಅನ್ನುತ್ತಿದ್ದರು. ಹಿಂದೆ ನಿಂತ ಮಾಕವ್ವ ಮಾತ್ರ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಳ್ಳುತ್ತಿದ್ದಳು. ಯಾಕೆ ಅಂತ ಈಗಲೇ ಕೇಳಬೇಡಿ.

ಹೀಗಿರುವಾಗ ಇಬ್ಬರಿಗೂ ವಯಸ್ಸಾಯಿತು. ರಾಜನಾದರೇನು, ಅಡಪದವಳಾದರೇನು, ಆಗದೇ ಇರುತ್ತದೆಯೇ?

ಒಂದು ಬೆಳಿಗ್ಗೆ ರಾಜ ಕನ್ನಡಿ ನೋಡಿದ. ಮೀಸೆಯಲ್ಲಿ ಒಂದು ಬಿಳಿ ಕೂದಲು! ಕ್ಷೌರದವನನ್ನು ಕರೆಸಿ, ಬಾಗಿಲು ಹಾಕಿಸಿ, ಕೀಳಿಸಿದ. "ಹೊರಗೆ ಬಾಯಿ ಬಿಟ್ಟರೆ ನಿನ್ನ ನಾಲಿಗೆ ಇರಲ್ಲ" ಅಂದ. ಮಾರನೇ ದಿನ ಎರಡು ಬಂದವು. ಅದರ ಮಾರನೇ ದಿನ ಮೂರು. ಕಿತ್ತು ಕಿತ್ತು ಮೀಸೆಯ ಒಂದು ಪಕ್ಕ ಬೋಳಾಯಿತು. ಅಲ್ಲಿಗೆ ಕಾಡಿಗೆ ಬಳಿದರು. ರಾಜ ಅವತ್ತಿನಿಂದ ಮೀಸೆ ತಿರುವುವುದನ್ನು ಬಿಟ್ಟ.

ಅದೇ ಹೊತ್ತಿಗೆ ಮಾಕವ್ವ ಅರಮನೆಯ ಬಾವಿಕಟ್ಟೆಯ ಹತ್ತಿರ ಹಂಡೆಗೆ ಬಗ್ಗಿದಳು. ನೀರಿನಲ್ಲಿ ಅವಳ ಮುಖ ಕಂಡಿತು, ತಲೆಯಲ್ಲಿ ನರೆತ ಕೂದಲು ಕಂಡಿತು. ಅವಳು ಕೊಡ ಇಳಿಸಿ ಎಲ್ಲರನ್ನೂ ಕೂಗಿದಳು.

"ಬನ್ರೇ, ಬನ್ರೇ! ನನ್ ತಲೆ ಮ್ಯಾಲೆ ಬೆಳ್ಳಕ್ಕಿ ಹಿಂಡು ಇಳಿದೈತೆ! ಓಡಿಸ್ಬ್ಯಾಡ್ರಮ್ಮ, ಮನೆಗ್ ಬಂದಿರೋ ನೆಂಟ್ರು, ಇದ್ದು ಹೋಗ್ಲಿ."

ನೀರಿಗೆ ಬಂದ ಹೆಂಗಸರು ನಕ್ಕರು. ಹೂ ಕಟ್ಟುವವಳು ಎರಡು ಮೊಳ ಕನಕಾಂಬರ ತಂದು ಅವಳ ಮುಡಿಗೆ ಇಟ್ಟಳು. "ಬಿಳೀ ಕೂದಲಿಗೆ ಕನಕಾಂಬರ ಎದ್ದು ಕಾಣ್ತದೆ ಮಾಕವ್ವಾ" ಅಂದಳು. ನಗು ಬಾವಿಕಟ್ಟೆ ದಾಟಿ, ಗೋಡೆ ದಾಟಿ, ಉಪ್ಪರಿಗೆಯ ಕಿಟಕಿಗೆ ಹೋಯಿತು. ಕಿಟಕಿಯಲ್ಲಿ ರಾಜ ನಿಂತಿದ್ದ, ಬೋಳು ಮೀಸೆಯ ಮೇಲೆ ಬೆರಳು ಇಟ್ಟುಕೊಂಡು.

ಅವನ ಹೊಟ್ಟೆಯೊಳಗೆ ಯಾರೋ ಹಸಿಮೆಣಸಿನಕಾಯಿ ಅರೆದಂತಾಯಿತು. "ಅವಳಿಗೂ ಅಷ್ಟೇ ವಯಸ್ಸು, ನನಗೂ ಅಷ್ಟೇ ವಯಸ್ಸು. ಅವಳಿಗೆ ನಗು, ನನಗ್ಯಾಕೆ ಉರಿ?" ಅಂದುಕೊಂಡ. ಕೇಳಿಕೊಂಡಿದ್ದು ಒಳ್ಳೆಯ ಪ್ರಶ್ನೆಯೇ. ಅದಕ್ಕೆ ಉತ್ತರ ಹುಡುಕುವ ಬದಲು ಅವನು ಮಾಕವ್ವನನ್ನು ಕರೆಸಿದ.

"ನನ್ನ ಸಿಂಹಾಸನದ ಹಿಂದೆ ಬಿಳಿ ತಲೆ ನಿಲ್ಲಬಾರದು ಮಾಕಿ. ನಾಳೆಯಿಂದ ತಲೆಗೆ ಕಪ್ಪು ಬಳಿದುಕೊಂಡು ಬಾ."

"ಆಗ್ಲಿ ಬುದ್ಧಿ" ಅಂದಳು ಮಾಕವ್ವ.

ದೀಪದ ಮಸಿಗೆ ಹರಳೆಣ್ಣೆ ಕಲಸಿ ತಲೆಗೆ ಮೆತ್ತಿಕೊಂಡು ಬಂದಳು. ಬೇಸಿಗೆಯ ಸಭೆ. ಹೊತ್ತು ನೆತ್ತಿಗೆ ಬಂದ ಹಾಗೆ ಬೆವರು ಇಳಿಯಿತು, ಬೆವರಿನ ಜೊತೆ ಮಸಿಯೂ ಇಳಿಯಿತು. ಹಣೆ ಕಪ್ಪು, ಮೂಗು ಕಪ್ಪು, ಗಲ್ಲ ಕಪ್ಪು. ತಲೆ ಮಾತ್ರ ಬಿಳಿ. ಸಭೆಯವರು ತುಟಿ ಕಚ್ಚಿ ಕೂತರು. ಮಾಕವ್ವ ತನ್ನ ಮುಖ ಮುಟ್ಟಿ, ಬೆರಳು ನೋಡಿಕೊಂಡಳು.

"ಅಪ್ಪಣೆ ಆಗಿದ್ದು ತಲೆಗೆ. ಈ ತಲೆಗೆ ಕಿವಿ ಕೇಳ್ಸಲ್ಲ, ಮೂತಿ ಕೇಳಿಸ್ಕೊಂಡ್ಬಿಡ್ತು ಬುದ್ಧಿ!"

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮಂತ್ರಿ ಬೊಮ್ಮಣ್ಣಯ್ಯ ಕೂಡ ನಕ್ಕ. ರಾಜ ಒಬ್ಬನೇ ನಗಲಿಲ್ಲ. ನಕ್ಕರೆ ಬೆವರು ಜಾಸ್ತಿಯಾಗಿ ಮೀಸೆಯ ಕಾಡಿಗೆ ಇಳಿದರೆ ಅಂತ ಅವನಿಗೆ ಭಯ.

ಇದು ಒಂದಾಯಿತು. ಇನ್ನು ಎರಡನೆಯದು ಕೇಳಿ.

ರಾಜನ ಮಂಡಿ ಮಾತಾಡಲು ಶುರು ಮಾಡಿತು. ಮೆಟ್ಟಿಲು ಹತ್ತಿದರೆ ಲಟಕ್, ಇಳಿದರೆ ಲಟಕ್. ಯಾರಿಗಾದರೂ ಕೇಳಿಸಿದರೆ? ರಾಜ ಒಂದು ಉಪಾಯ ಮಾಡಿದ. ತಾನು ಮೆಟ್ಟಿಲು ಹತ್ತಿ ಇಳಿಯುವಾಗಲೆಲ್ಲ ನಗಾರಿ ಬಾರಿಸಬೇಕು ಅಂತ ಅಪ್ಪಣೆ ಮಾಡಿದ. ಢಂ ಢಂ ಅನ್ನುವ ಸದ್ದಿನಲ್ಲಿ ಲಟಕ್ ಮುಚ್ಚಿಹೋಯಿತು. ಆದರೆ ನೋವು ಮುಚ್ಚಿಹೋಗಲಿಲ್ಲ. ಕೈಹಿಡಿ ಅಂತ ಯಾರನ್ನೂ ಕೇಳುವ ಹಾಗಿಲ್ಲ. ನಗಾರಿಯ ನಡುವೆ ರಾಜ ಒಬ್ಬನೇ ಹಲ್ಲು ಕಚ್ಚಿ ಹತ್ತುತ್ತಿದ್ದ.

ಮಾಕವ್ವನ ಮಂಡಿಯೂ ಮಾತಾಡಿತು. ಅವಳು ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಹೇಳಿದಳು. "ಕೇಳಿಸ್ಕೊಳ್ರಪ್ಪ, ನನ್ ಬಲಮಂಡಿ ಇನ್ನೆಷ್ಟು ದೂರಾ ಅಂತ ಕೇಳ್ತದೆ. ಎಡಮಂಡಿ ಸುಮ್ಕೆ ನಡಿ ಅಂತ ಬೈತದೆ. ಅತ್ತೆ ಸೊಸೆ ಇದ್ದಂಗೆ ಅವೆ, ನಡುವೆ ನಾನು ಸಾಯ್ತಿವ್ನಿ." ಕೇಳಿದವರು ನಕ್ಕು ಅವಳ ಕೈ ಹಿಡಿದರು. ಒಬ್ಬರು ಅಡಪ ಹೊತ್ತರು, ಒಬ್ಬರು ಬೆನ್ನಿಗೆ ಕೈ ಕೊಟ್ಟರು. ಅಡುಗೆಮನೆಯ ಮುದುಕಿ ಬಿಸಿ ಎಣ್ಣೆ ತಂದು ಮೆಟ್ಟಿಲ ಮೇಲೇ ಕೂರಿಸಿ ಮಂಡಿ ನೀವಿದಳು.

ರಾಜ ಮೇಲಿನ ಮೆಟ್ಟಿಲಿಂದ ನೋಡಿದ. "ಅವಳಿಗೂ ಅದೇ ಮಂಡಿ, ನನಗೂ ಅದೇ ಮಂಡಿ. ಅವಳ ಕೈ ಹಿಡಿಯೋಕೆ ಊರಿದೆ, ನನ್ನ ಕೈ ಹಿಡಿಯೋಕೆ ಯಾರಿದ್ದಾರೆ?" ಹೊಟ್ಟೆ ಮತ್ತೆ ಉರಿಯಿತು. ಅಸೂಯೆ ಅನ್ನುವುದು ಹೀಗೇ ಕಣ್ರಪ್ಪ. ತನಗೆ ಬೇಕಾದ್ದನ್ನು ಬಾಯಿ ಬಿಟ್ಟು ಕೇಳುವುದಿಲ್ಲ, ಇನ್ನೊಬ್ಬರಿಂದ ಕಿತ್ತುಕೊಳ್ಳಲು ಹೋಗುತ್ತದೆ.

"ಮಾಕಿ, ಇನ್ನು ಮೇಲೆ ನಾನು ಮಧ್ಯಾಹ್ನದ ವೀಳ್ಯ ಕೋಟೆಯ ಬುರುಜಿನ ಮೇಲೆ ಹಾಕಿಕೊಳ್ಳುತ್ತೇನೆ. ಅಲ್ಲಿಗೆ ತಂದುಕೊಡು. ಯಾರೂ ನಿನಗೆ ಕೈ ಕೊಡಕೂಡದು."

"ಆಗ್ಲಿ ಬುದ್ಧಿ" ಅಂದಳು.

ಬುರುಜಿನ ಮೆಟ್ಟಿಲು ಕಡಿದಾಗಿದ್ದವು. ಮಾಕವ್ವ ಎರಡು ಮೆಟ್ಟಿಲು ಹತ್ತಿ ಒಂದು ಗಳಿಗೆ ಕೂರುತ್ತಿದ್ದಳು. ಕೈ ಕೊಡಬಾರದು ಅಂತ ತಾನೇ ಅಪ್ಪಣೆ? ಜೊತೆಗೆ ಕೂರಬಾರದು ಅಂತಿಲ್ಲವಲ್ಲ. ಕಾವಲಿನವರು ಬಂದು ಕೂತರು, ಗಾರೆ ಕೆಲಸದವರು ಕೂತರು, ಮಾತಾಯಿತು, ನಗುವಾಯಿತು. ಬುರುಜಿನ ಮೇಲೆ ರಾಜ ಬಿಸಿಲಲ್ಲಿ ಒಬ್ಬನೇ, ಒಣಗಿದ ಬಾಯಿ. ಮಧ್ಯಾಹ್ನದ ವೀಳ್ಯ ಬಂದಾಗ ಹೊತ್ತು ಮುಳುಗುತ್ತಿತ್ತು. ಮೂರು ದಿನ ಹೀಗಾಯಿತು. ನಾಲ್ಕನೇ ದಿನ ರಾಜನೇ ಸೋತು, ನಗಾರಿ ಬಾರಿಸಲು ಹೇಳಿ ಕೆಳಗಿಳಿದ.

ಇದು ಎರಡಾಯಿತು. ಮೂರನೆಯದೇ ಹಲ್ಲು.

ಮಾಕವ್ವ ಒಂದು ದಿನ ಚಕ್ಕುಲಿ ಕಡಿದಳು. ಮುಂದಿನ ಎರಡು ಹಲ್ಲು ಚಕ್ಕುಲಿಯಲ್ಲೇ ಉಳಿದವು. ಅವಳು ಮಕ್ಕಳು ಮಾಡುವ ಹಾಗೆ ಅವನ್ನು ಹೆಂಚಿನ ಮೇಲೆ ಎಸೆದಳು. "ಹಳೇ ಹಲ್ಲು ತಕ್ಕೋ, ಹೊಸಾ ಹಲ್ಲು ಕೊಡು! ಕೊಡ್ದಿದ್ರೂ ಚಿಂತಿಲ್ಲ, ಇದ್ನ ಮಾತ್ರ ವಾಪಸ್ ಕಳಿಸ್ಬ್ಯಾಡ, ನೋವು ತಿಂದು ಸಾಕಾಗೈತೆ!" ಅಂತ ಕೂಗಿದಳು. ಒಂದೊಂದಾಗಿ ಉಳಿದವೂ ಉದುರಿದವು. ಬಾಯಿ ಬೊಚ್ಚಾಯಿತು. ಒಂದು ಕಬ್ಬಿಣದ ಕುಟ್ಟಾಣಿ ತಂದುಕೊಂಡಳು.

ಮಧ್ಯಾಹ್ನ ಊಟವಾದ ಮೇಲೆ ಅಂಗಳದ ಹೊಂಗೆಮರದ ಕೆಳಗೆ ಕೂತು ಕುಟ್ಟುತ್ತಿದ್ದಳು. ಟಕ್ ಟಕ್ ಟಕ್. ಸದ್ದು ಕೇಳಿ ಲಾಯದ ಮುದುಕ ತನ್ನ ಕುಟ್ಟಾಣಿ ತಂದ. ದರ್ಜಿ ತಾತ ತಂದ. ಅಡುಗೆಮನೆಯ ಮುದುಕಿ ತಂದಳು. ಕುಟ್ಟಾಣಿಗಳು ಕುಟ್ಟುತ್ತಿದ್ದವು, ಬೊಚ್ಚುಬಾಯಿಗಳು ಮಾತಾಡುತ್ತಿದ್ದವು.

"ನಂಗೆ ದೂರದ್ದು ಚಂದಾಗಿ ಕಾಣ್ತದೆ ಮಾಕವ್ವ, ಹತ್ರದ್ದು ಕಾಣಾಕಿಲ್ಲ" ಅಂದ ದರ್ಜಿ ತಾತ.

"ಹಂಗಾರೆ ಹೆಂಡ್ತಿನ ಆಚೆ ಬೀದೀಲಿ ನಿಲ್ಸಿ ನೋಡು, ಚೆಲುವೆ ಕಂಡಾಳು!"

ಅಂಗಳವೇ ನಗುತ್ತಿತ್ತು. ಹರೆಯದವರೂ ಕೆಲಸ ಬಿಟ್ಟು ಬಂದು ಸುತ್ತ ಕೂರುತ್ತಿದ್ದರು.

ಇತ್ತ ರಾಜನ ಬಾಯಿ ಹೇಗಿತ್ತು? ಎರಡು ದವಡೆ ಹಲ್ಲು ಎಷ್ಟೋ ವರ್ಷದ ಹಿಂದೆಯೇ ಗುಟ್ಟಾಗಿ ಬಿದ್ದಿದ್ದವು. ಉಳಿದವು ಅಲ್ಲಾಡುತ್ತಿದ್ದವು. ಆದರೆ ದಿನದ ವೀಳ್ಯವನ್ನು ಅವನು ಆರಾಮಾಗಿ ಅಗಿಯುತ್ತಿದ್ದ, ಯುಗಾದಿಗೆ ಕಟಂ ಅನ್ನಿಸುತ್ತಿದ್ದ. ಹಾಗಾಗಿ ತನ್ನ ಹಲ್ಲು ಗಟ್ಟಿ ಅಂತಲೇ ನಂಬಿದ್ದ. ಆ ನಂಬಿಕೆಯಿಂದಲೇ ಹೊಟ್ಟೆ ಇನ್ನೂ ಜೋರಾಗಿ ಉರಿಯಿತು. "ಗಟ್ಟಿ ಹಲ್ಲಿನವನು ನಾನು. ನನ್ನ ಹತ್ತಿರ ಯಾರೂ ಬಂದು ಕೂರುವುದಿಲ್ಲ. ಆ ಬೊಚ್ಚುಬಾಯಿಯ ಸುತ್ತ ಊರೇ ಕೂತಿದೆ. ಎಲ್ಲ ಕಳಕೊಂಡವಳಿಗೆ ಇಷ್ಟು ಸಂತೋಷ, ಎಲ್ಲ ಉಳಿಸಿಕೊಂಡವನಿಗೆ ಏನೂ ಇಲ್ಲ!" ಊಟ ಸೇರಲಿಲ್ಲ. ಹಾಡು ಕೇಳಲಿಲ್ಲ. ಆ ಟಕ್ ಟಕ್ ಸದ್ದು ಅವನ ತಲೆಯೊಳಗೇ ಕುಟ್ಟಿದಂತಾಗುತ್ತಿತ್ತು.

ಕೊನೆಗೆ ಮಂತ್ರಿಯನ್ನು ಕರೆಸಿದ. "ಬೊಮ್ಮಣ್ಣಯ್ಯ, ಡಂಗುರ ಹೊಡೆಸು. ಈ ಊರಲ್ಲಿ ಯಾರೂ ಕುಟ್ಟಾಣಿ ಕುಟ್ಟಕೂಡದು. ಎಲ್ಲರೂ ತಮ್ಮ ತಮ್ಮದನ್ನು ತಂದು ಹಾಳುಬಾವಿಗೆ ಹಾಕಬೇಕು. ಈ ಯುಗಾದಿಗೆ ಅಡಪದವಳೂ ಸಭೆಯಲ್ಲಿ ಗೋಟಡಿಕೆ ಕಡಿಯಬೇಕು. ಕಡಿಯಲಾರದವರಿಗೆ ಸಿಂಹಾಸನದ ಹತ್ತಿರ ಜಾಗವಿಲ್ಲ, ಈ ರಾಜ್ಯದಲ್ಲೂ ಜಾಗವಿಲ್ಲ. ಗಡಿ ದಾಟಿ ಹೋಗಬೇಕು."

"ಪ್ರಭು, ಮಾಕವ್ವ ಕಡಿಯಲಾರಳು ಅಂತ ಊರಿಗೇ ಗೊತ್ತು."

"ಗೊತ್ತಿರೋದಕ್ಕೇ ಹೇಳಿದ್ದು."

ಡಂಗುರವಾಯಿತು. ಮುದುಕ ಮುದುಕಿಯರು ಸಾಲಾಗಿ ಬಂದು ಕುಟ್ಟಾಣಿಗಳನ್ನು ಬಾವಿಗೆ ಹಾಕಿದರು. ದರ್ಜಿ ತಾತ ತನ್ನದನ್ನು ಒಮ್ಮೆ ಎದೆಗೆ ಒತ್ತಿಕೊಂಡು ಹಾಕಿದ. ಮಾಕವ್ವನೂ ಹಾಕಿದಳು. ಅವತ್ತು ಮೊದಲ ಸಲ ಅವಳು ನಗಲಿಲ್ಲ. ಹುಟ್ಟಿದ್ದು ಈ ಕೋಟೆಯೊಳಗೆ, ತಾಯಿಯನ್ನು ಮಣ್ಣು ಮಾಡಿದ್ದು ಈ ಕೋಟೆಯ ಹಿಂದೆ. ಈ ವಯಸ್ಸಿನಲ್ಲಿ ಗಡಿ ದಾಟಿ ಯಾರ ಜಗಲಿಯಲ್ಲಿ ಮಲಗುವುದು? ಕಣ್ಣೊರೆಸಿಕೊಂಡು ರಾಜನ ಹತ್ತಿರ ಹೋದಳು.

"ಬುದ್ಧಿ, ನಾನೇನು ತಪ್ಪು ಮಾಡ್ದೆ?"

"ತಪ್ಪೇನಿಲ್ಲ ಮಾಕಿ. ನಿನಗೆ ವಯಸ್ಸಾಯಿತು."

"ನನ್ ಜೊತೇಲೆ ಹುಟ್ಟಿದೋರು ಯಾರು ಬುದ್ಧಿ?"

ರಾಜ ಕಿಟಕಿಯ ಕಡೆ ನೋಡಿದ.

"ಕುಟ್ಟಾಣಿ ನಿಲ್ಸಿದ್ರೆ ತೊಂದ್ರೆ ಆಯ್ತದೆ, ಇನ್ನೊಂದ್ಸಲ ಯೋಚ್ನೆ ಮಾಡಿ."

"ಯಾರಿಗೆ ತೊಂದರೆ?"

"ಅದ್ನ ನನ್ ಬಾಯಿಂದ ಹೇಳ್ಬಾರ್ದು" ಅಂದು ಮಾಕವ್ವ ಹೊರಟುಹೋದಳು.

ಮಾರನೇ ದಿನ ರಾಜ ಊಟ ಮುಗಿಸಿ ಕೈ ಚಾಚಿದ. ಮಾಕವ್ವ ವೀಳ್ಯ ಮಡಿಸಿ ಕೊಟ್ಟಳು. ಬಾಯಿಗೆ ಹಾಕಿಕೊಂಡು ಅಗಿದ. ಅಯ್ಯಯ್ಯೋ! ಜಲ್ಲಿಕಲ್ಲು ಅಗಿದ ಹಾಗಾಯಿತು.

"ಇದೇನೇ ಅಡಿಕೆ ಇದು? ಬದಲಾಯಿಸು."

ಬಯಲುಸೀಮೆಯ ಅಡಿಕೆ ತರಿಸಿದರು. ಅದೂ ಕಲ್ಲು. ಘಟ್ಟದ ಅಡಿಕೆ ತರಿಸಿದರು. ಅದೂ ಕಲ್ಲು. ಕರಾವಳಿಯಿಂದ ಚಾಲಿ ಅಡಿಕೆ ತರಿಸಿದರು. ಅದನ್ನು ಅಗಿಯಲು ಹೋಗಿ ಒಂದು ಹಲ್ಲು ಬುಡಸಮೇತ ಅಲ್ಲಾಡಿತು. ರಾಜ ವೀಳ್ಯವನ್ನು ದವಡೆಯಲ್ಲಿ ಇಟ್ಟುಕೊಂಡು, ಯಾರೂ ಇಲ್ಲದಾಗ ಕಿಟಕಿಯಿಂದ ಉಗಿಯತೊಡಗಿದ. ನಿನ್ನೆಯವರೆಗೆ ಬೆಣ್ಣೆಯಂತಿದ್ದ ಅಡಿಕೆ ಒಂದೇ ದಿನಕ್ಕೆ ಹೀಗೇಕಾಯಿತು ಅಂತ ತಲೆ ಕೆರೆದುಕೊಂಡ. ಬೆನ್ನ ಹಿಂದೆ ನಿಂತವಳನ್ನು ತಿರುಗಿ ಕೇಳಿದ್ದರೆ ಗೊತ್ತಾಗುತ್ತಿತ್ತು. ಕೇಳಲು ಅವನ ಜಂಬ ಬಿಡಲಿಲ್ಲ. ಯುಗಾದಿ ಹತ್ತಿರ ಬಂದ ಹಾಗೆ ರಾತ್ರಿ ಎದ್ದು ಕೂತು ಹಲ್ಲು ಅಲ್ಲಾಡಿಸಿ ನೋಡತೊಡಗಿದ. ಆದರೂ ಒಳಗೊಳಗೇ ಧೈರ್ಯ ತಂದುಕೊಂಡ. "ಪ್ರತಿವರ್ಷ ಕಟಂ ಅಂದಿದೆ. ಈ ವರ್ಷವೂ ಅನ್ನುತ್ತೆ. ಆಮೇಲೆ ಅವಳು ಹೋಗುತ್ತಾಳೆ, ನನ್ನ ಹೊಟ್ಟೆ ತಣ್ಣಗಾಗುತ್ತೆ."

ಯುಗಾದಿ ಬಂತು. ತೋರಣ ಕಟ್ಟಿದರು. ಅಂಗಳದ ತುಂಬ ಜನ. ರಾಜ ಸಿಂಹಾಸನದ ಮೇಲೆ ಕೂತ. ಪರೀಕ್ಷೆಗೆ ನಿಲ್ಲಬೇಕಾದ್ದರಿಂದ ಮಾಕವ್ವ ಅವತ್ತು ಹಿಂದೆ ನಿಲ್ಲಲಿಲ್ಲ, ಸಿಂಹಾಸನದ ಎದುರಿಗೆ, ಎಲ್ಲರ ನಡುವೆ ನಿಂತಳು. ಬೆಳ್ಳಿತಟ್ಟೆಯಲ್ಲಿ ಉಗ್ರಾಣದಿಂದ ನೇರವಾಗಿ ಎರಡು ಗೋಟಡಿಕೆ ಬಂದವು.

"ಮಾಕಿ, ತೆಗೆದುಕೋ. ಕಡಿ" ಅಂದ ರಾಜ.

ಮಾಕವ್ವ ಕೈ ಮುಗಿದಳು.

"ಆಗ್ಲಿ ಬುದ್ಧಿ. ಆದ್ರೆ ಪ್ರಭುಗಳು ಕಡಿಯೋಕ್ ಮುಂಚೆ ಈ ಸಭೇಲಿ ಯಾರೂ ಅಡಿಕೆ ಬಾಯಿಗ್ ಹಾಕಂಗಿಲ್ಲ. ಇದು ನಿಮ್ ತಾತ ಮುತ್ತಾತನ ಕಾಲದ ಪದ್ಧತಿ. ನೀವು ಕಡೀರಿ, ನಿಮ್ ಹಿಂದೆ ನಾನು ಕಡೀತೀನಿ."

ಜನ ಹೌದು ಹೌದು ಅಂದರು. ಮಂತ್ರಿಯೂ ತಲೆ ಆಡಿಸಿದ. ರಾಜ ಬೇರೆ ದಾರಿ ಕಾಣದೆ ಗೋಟಡಿಕೆ ತೆಗೆದುಕೊಂಡ. ಬಾಯಿಗೆ ಹಾಕಿದ. ಕಣ್ಣು ಮುಚ್ಚಿದ. ಇದ್ದಬದ್ದ ಬಲವನ್ನೆಲ್ಲ ದವಡೆಗೆ ತಂದು ಕಡಿದ.

ಕಟಂ ಅನ್ನಲಿಲ್ಲ.

ಇನ್ನೊಮ್ಮೆ ಕಡಿದ. ಅನ್ನಲಿಲ್ಲ.

ಮೂರನೇ ಸಲ ಕಡಿದ. "ಪುಸಕ್" ಅಂತ ಸಣ್ಣ ಸದ್ದಾಯಿತು. ರಾಜ ಅಂಗೈ ಒಡ್ಡಿದ. ಅಂಗೈಯಲ್ಲಿ ಗೋಟಡಿಕೆ ಇಡಿಯಾಗಿ ಬಿತ್ತು. ಅದರ ಪಕ್ಕದಲ್ಲಿ ರಾಜನ ಮುಂದಿನ ಹಲ್ಲು ಬಿತ್ತು.

ನಗಲು ಯಾರಿಗೂ ಧೈರ್ಯವಿಲ್ಲ. ರಾಜನ ಮುಖ ಬೂದಿಯಾಗಿತ್ತು. ಅವನು ಮಾಕವ್ವನನ್ನೇ ನೋಡಿದ. ಬಾಯಿ ತೆಗೆದರೆ ಗಾಳಿ ಹೋಗುತ್ತಿತ್ತು.

"ಹೋದ ವರ್ಷ ಕಟಂ ಅಂದಿತ್ತಲ್ಲ ಮಾಕಿ? ಅದರ ಹಿಂದಿನ ವರ್ಷವೂ ಅಂದಿತ್ತಲ್ಲ?"

"ಹೇಳ್ಲಾ ಬುದ್ಧಿ, ಬ್ಯಾಡ್ವಾ?" ಅಂತ ಅವಳು ಮೆಲ್ಲಗೆ ಕೇಳಿದಳು.

"ಹೇಳು."

ಮಾಕವ್ವ ಅಡಪದೊಳಗೆ ಕೈ ಹಾಕಿದಳು. ಅಡಕತ್ತರಿ ತೆಗೆದಳು. ತಟ್ಟೆಯಲ್ಲಿ ಉಳಿದಿದ್ದ ಗೋಟಡಿಕೆಯನ್ನು ಅದರ ಬಾಯಿಗಿಟ್ಟು ಅಮುಕಿದಳು.

ಕಟಂ!

ಅದೇ ಸದ್ದು. ವರ್ಷ ವರ್ಷವೂ ಊರು ಕೇಳಿದ ಸದ್ದು.

"ನಿಮ್ ದವಡೆ ಹಲ್ಲು ಬಿದ್ದಾಗ್ಲಿಂದ ಹಿಂಗೇ ಬುದ್ಧಿ. ಅಡಿಕೆ ನೆನೆಹಾಕಿ, ಹಬೇಲಿ ಬೇಯಿಸಿ, ಮೆತ್ತಗ್ ಮಾಡಿ ನಿಮ್ ಕೈಗೆ ಕೊಡ್ತಿದ್ದೆ. ನೀವು ಬಾಯಿ ಮುಚ್ಚೋ ಹೊತ್ಗೆ ಹಿಂದ್ಗಡೆ ನಿಂತು ನಾನು ಕತ್ತರಿ ಅಮುಕ್ತಿದ್ದೆ. ದಿನದ ವೀಳ್ಯದಾಗೂ ಅಷ್ಟೇ. ಕುಟ್ಟಿ ಪುಡಿ ಮಾಡಿ, ಎಲೆ ಒಳಗಿಟ್ಟು, ಲವಂಗ ಚುಚ್ತಿದ್ದೆ. ಕುಟ್ಬ್ಯಾಡ ಅಂತ ಅಪ್ಪಣೆ ಆಯ್ತು. ಕುಟ್ಟಲಿಲ್ಲ."

ಸಿಂಹಾಸನದ ಕೆಳಗೆ ಬಗ್ಗಿ ಅವಳು ಒಂದು ಬಟ್ಟೆಯ ಗಂಟು ಹೊರಗೆ ಎಳೆದಳು. ಬಿಚ್ಚಿದರೆ ಒಂದು ಪುಟ್ಟ ಬೆಳ್ಳಿ ಕುಟ್ಟಾಣಿ.

"ನಂದನ್ನ ಬಾವಿಗ್ ಹಾಕ್ದೆ. ಇದು ನಂದಲ್ಲ, ನಿಮ್ದು. ನೀವೇ ಹಾಕ್ಬೇಕು."

ರಾಜನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಯಾರ ನಗುವನ್ನು ನೋಡಿ ಹೊಟ್ಟೆ ಉರಿದುಕೊಂಡನೋ, ಅವಳೇ ತನ್ನ ಮಾನವನ್ನು ಬೆನ್ನ ಹಿಂದೆ ನಿಂತು ಕಾದಿದ್ದಳು.

"ಇಷ್ಟು ವರ್ಷ ಯಾಕೆ ಹೇಳಲಿಲ್ಲ? ನಾನು ನಿನಗೆ ಮಸಿ ಬಳಿಸಿದೆ, ಬುರುಜು ಹತ್ತಿಸಿದೆ. ಅವತ್ತೇ ಒಂದು ಮಾತು ಹೊರಗೆ ಬಿಟ್ಟಿದ್ದರೆ ನನ್ನ ಮಾನ ಹೋಗುತ್ತಿತ್ತು."

"ನನ್ ಹಾಲುಹಲ್ಲು ಬಿದ್ದಾಗ ಕಬ್ಬು ಸಿಗಿದು ಬಾಯಿಗಿಟ್ಟೋರು ಯಾರು? ಊರಿಗೆಲ್ಲ ಹೇಳ್ಕೊಂಡು ಇಟ್ರಾ? ಅವತ್ತು ನನಗ್ ಹಲ್ಲಿರ್ಲಿಲ್ಲ, ನೀವು ಕಡ್ದು ಕೊಟ್ರಿ. ಇವತ್ತು ನಿಮಗಿಲ್ಲ, ನಾನು ಕುಟ್ಟಿ ಕೊಟ್ಟೆ. ಇದ್ರಾಗೆ ಹೇಳ್ಕೊಳ್ಳೋದೇನೈತೆ ಬುದ್ಧಿ?"

ರಾಜನ ಕಣ್ಣಲ್ಲಿ ದಳದಳ ನೀರು ಇಳಿಯಿತು. ನೀರಿನ ಜೊತೆ ಮೀಸೆಯ ಕಾಡಿಗೆಯೂ ಇಳಿಯಿತು. ಅವನು ಒರೆಸಿಕೊಳ್ಳಲಿಲ್ಲ. ಸಿಂಹಾಸನದಿಂದ ಎದ್ದ. ಎದ್ದಾಗ ಮಂಡಿ ಲಟಕ್ ಅಂದಿತು. ನಗಾರಿಯವನು ಗಾಬರಿಯಿಂದ ಕೋಲು ಎತ್ತಿದ. "ಬೇಡಪ್ಪ, ಕೇಳಿಸಲಿ" ಅಂದ ರಾಜ. ತಲೆಯ ಕಿರೀಟ ತೆಗೆದು ಮಂತ್ರಿಯ ಕೈಗೆ ಕೊಟ್ಟ.

"ಗೋಟಡಿಕೆ ಕಡಿಯಲಾರದವರಿಗೆ ಈ ರಾಜ್ಯದಲ್ಲಿ ಜಾಗವಿಲ್ಲ ಅಂತ ಡಂಗುರ ಹೊಡೆಸಿದವನು ನಾನು. ಈಗ ಗಡಿ ದಾಟಬೇಕಾದವನೂ ನಾನೇ."

ಅಂಗಳ ಗುಸುಗುಸು ಅಂದಿತು. ಮಾಕವ್ವ ಅಡಪವನ್ನು ಹೆಗಲಿಗೆ ಹಾಕಿಕೊಂಡಳು.

"ಹಂಗಾರೆ ನಡೀರಿ ಬುದ್ಧಿ, ನಾನೂ ಕಡಿಯಲಾರ್ದೋಳೇ. ಜೊತೇಲೆ ಹೋಗಾನ. ಆದ್ರೆ ನಿಮ್ಮೆರಡು ಮಂಡಿ, ನನ್ನೆರಡು ಮಂಡಿ, ಇವು ನಾಕೂ ಜಗಳಾಡ್ಕೊಂಡು ಗಡಿ ಸೇರೋ ಹೊತ್ಗೆ ಮುಂದಿನ ಯುಗಾದಿ ಬಂದಿರ್ತದೆ. ಆಗ ಹಿಂಗೇ ವಾಪಸ್ ಬರಾನ!"

ಮೊದಲು ನಕ್ಕವನು ರಾಜ. ಮುಂದಿನ ಹಲ್ಲಿಲ್ಲದ ಬಾಯಿ ಪೂರಾ ತೆಗೆದು, ಕಪ್ಪಾದ ಗಲ್ಲ ಅಲುಗುವ ಹಾಗೆ ನಕ್ಕ. ಅದನ್ನು ನೋಡಿ ಅಂಗಳವೇ ನಕ್ಕಿತು. ಲಾಯದ ಮುದುಕ ಬಂದು ರಾಜನ ಒಂದು ಕೈ ಹಿಡಿದ. ದರ್ಜಿ ತಾತ ಇನ್ನೊಂದು ಕೈ ಹಿಡಿದ. ಎಷ್ಟೋ ವರ್ಷದಿಂದ ಅವನು ಕಾದಿದ್ದ ಕೈಗಳು ಅವು.

ಮಂತ್ರಿ ಕಿರೀಟ ಹಿಡಿದುಕೊಂಡೇ ಕೇಳಿದ, "ಪ್ರಭು, ಡಂಗುರದ ಗತಿ ಏನು?"

"ತಪ್ಪು ಡಂಗುರ ಹೊಡೆಸಿದ್ದು ನಾನು, ಅದು ತಪ್ಪು ಅಂತ ಹೊಡೆಸಬೇಕಾದವನೂ ನಾನು. ಈಗಲೇ ಹೊಡೆಸು. ಹಾಳುಬಾವಿಗೆ ಆಳು ಇಳಿಸಿ ಎಲ್ಲರ ಕುಟ್ಟಾಣಿ ಎತ್ತಿಸು. ಅಲ್ಲಿಯವರೆಗೆ ಇದು ಇದೆಯಲ್ಲ."

ರಾಜ ಸಿಂಹಾಸನದ ಮೆಟ್ಟಿಲ ಮೇಲೆ ಕೂತು ಬೆಳ್ಳಿ ಕುಟ್ಟಾಣಿಯನ್ನು ಕಾಲ ನಡುವೆ ಇಟ್ಟುಕೊಂಡ. ಒಡೆದ ಅಡಿಕೆ ಹಾಕಿದ, ಎಲೆ ಹಾಕಿದ, ಸುಣ್ಣ ಹಾಕಿದ. ತನ್ನ ಕೈಯಾರೆ ಕುಟ್ಟಿದ. ಟಕ್ ಟಕ್ ಟಕ್. ಹದವಾದ ಮೇಲೆ ಅರ್ಧ ತೆಗೆದು, ಹಿಂದೆ ಕಬ್ಬು ಕೊಡುತ್ತಿದ್ದ ಹಾಗೆಯೇ ಮಾಕವ್ವನ ಬಾಯಿಗೆ ಇಟ್ಟ. ರಾಜನಿಗಿಂತ ಮೊದಲು ಆ ಸಭೆಯಲ್ಲಿ ಬಾಯಿ ಕೆಂಪು ಮಾಡಿಕೊಂಡವಳು ಅವಳೊಬ್ಬಳೇ. ಅವತ್ತಿನಿಂದ ಸಂಪಿಗೆದುರ್ಗದಲ್ಲಿ ಯುಗಾದಿಗೆ ರಾಜನಾದವನು ಅಡಿಕೆ ಕುಟ್ಟಬೇಕು, ಊರಿನ ಎಲ್ಲರಿಗಿಂತ ಹಿರಿಯರ ಬಾಯಿಗೆ ಮೊದಲು ಇಡಬೇಕು ಅನ್ನುವ ಪದ್ಧತಿ ಬಂತು.

ನೀತಿ ಏನು ಅಂತ ಕೇಳುತ್ತೀರಾ? ಕೇಳಿ. ವಯಸ್ಸು ಎಲ್ಲರಿಗೂ ಆಗುತ್ತದೆ. ಅದನ್ನು ಮುಚ್ಚಿಟ್ಟುಕೊಂಡವನು ಒಬ್ಬನೇ ನರಳುತ್ತಾನೆ, ನಗುತ್ತಾ ತೋರಿಸಿಕೊಂಡವರಿಗೆ ಹತ್ತು ಜನ ಕೈ ಕೊಡುತ್ತಾರೆ. ಇನ್ನೊಬ್ಬರ ನಗು ಕಂಡು ಹೊಟ್ಟೆ ಉರಿದರೆ ಆ ನಗುವನ್ನು ನಿಲ್ಲಿಸಲು ಹೋಗಬೇಡಿ. ಹೋಗಿ ಪಕ್ಕದಲ್ಲಿ ಕೂತುಕೊಳ್ಳಿ. ನಿಮಗೆ ಗೊತ್ತಿಲ್ಲದೆ ನಿಮ್ಮ ಅಡಿಕೆ ಕುಟ್ಟಿಕೊಡುತ್ತಿರುವವರು ಅವರೇ ಇರಬಹುದು.

ಅಲ್ಲಿ ರಾಜ ಕುಟ್ಟಿದ, ಇಲ್ಲಿ ನಾನು ಕುಟ್ಟಿದೆ. ಕಥೆಯೂ ಮುಗಿಯಿತು, ಎಲೆಅಡಿಕೆಯೂ ಹದವಾಯಿತು. ಈಗ ಯಾರಾದರೂ ಕೈ ಕೊಡಿ, ಎದ್ದೇಳಬೇಕು.